ಟೋಪಿ ತೊಡಿಸಿದವರು ಯಾರು: ಲೇಖಕರೋ, ಚಿತ್ರಕಾರರೋ?

ಷರ್ಲಾಕ್ ಹೋಮ್ಸ್ ಅಂದ ಕೂಡಲೇ ಹಿಂದೆ ಮುಂದೆ ಎರಡೂ ಕಡೆ ಅಂಚಿರುವ, ಕಿವಿಪಟ್ಟಿಗಳನ್ನು ನೆತ್ತಿಯ ಮೇಲೆ ಕಟ್ಟಿದ ಟೋಪಿ ಕಣ್ಣಮುಂದೆ ಬರುತ್ತದೆ. ಅದಕ್ಕೆ ಡೀರ್‌ಸ್ಟಾಕರ್ ಎಂದು ಹೆಸರು. ಆದರೆ ಆರ್ಥರ್ ಕಾನನ್ ಡಾಯ್ಲ್ ಬರೆದ ಹೋಮ್ಸ್ ಕಥೆಗಳಲ್ಲಿ ಆ ಹೆಸರು ಒಂದು ಕಡೆಯೂ ಬರುವುದಿಲ್ಲ. 1891ರ 'ಬಾಸ್ಕಂಬ್ ವ್ಯಾಲಿ' ಕಥೆಯಲ್ಲಿ ತಲೆಗೆ ಬಿಗಿಯಾಗಿ ಕೂರುವ ಬಟ್ಟೆಯ ಟೋಪಿ ಎಂದಿದೆ. 1892ರ 'ಸಿಲ್ವರ್ ಬ್ಲೇಜ್'ನಲ್ಲಿ ಕಿವಿಪಟ್ಟಿಯ ಪ್ರಯಾಣದ ಟೋಪಿ ಎಂದಿದೆ. ಅದನ್ನು ಡೀರ್‌ಸ್ಟಾಕರ್ ಮಾಡಿದ್ದು 'ಸ್ಟ್ರಾಂಡ್' ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಸಿಡ್ನಿ ಪ್ಯಾಜೆಟ್. ಎರಡೂ ಕಥೆಗಳಲ್ಲಿ ಹೋಮ್ಸ್ ರೈಲು ಹತ್ತಿ ಲಂಡನ್ನಿನಾಚೆ ಹೊರಟಿದ್ದಾನೆ ಎಂಬುದು ಮುಖ್ಯ. ನಗರದ ಬೀದಿಯಲ್ಲಿ ಅವನಿಗೆ ಪ್ಯಾಜೆಟ್ ಎತ್ತರದ ಟಾಪ್ ಹ್ಯಾಟನ್ನೇ ಬರೆದ. ಊರಿಗೊಂದು, ಕಾಡುಮೇಡಿಗೊಂದು ಟೋಪಿ ಎಂಬ ಆ ಕಾಲದ ಕಟ್ಟಳೆ ಆತನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲ ಕಡೆಗೂ ಒಂದೇ ಟೋಪಿ ಅಂಟಿಕೊಂಡದ್ದು ನಾಟಕ, ಸಿನಿಮಾಗಳು ಬಂದ ಮೇಲೆ.

ಹಾಗಾಗಿ ಚಿತ್ರವಿರುವ ಯಾವ ಕಥೆಯನ್ನು ಓದಿದರೂ ಟೋಪಿಯ ವಿವರ ಲೇಖಕರ ಮಾತಿನಿಂದ ಬಂದಿದೆಯೋ ಚಿತ್ರದಿಂದಲೋ ಎಂದು ನೋಡಿ, ಪಕ್ಕದಲ್ಲಿ 'ಮಾತು' ಅಥವಾ 'ಚಿತ್ರ' ಎಂದು ಗುರುತು ಹಾಕಿಕೊಳ್ಳಿ. ಕಥೆಯ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯುವಾಗ ಇದು ನಿಜವಾಗಿ ಕೈಹಿಡಿಯುತ್ತದೆ.

ಡಾಯ್ಲ್‌ಗೆ ಟೋಪಿಯ ಮೇಲೆ ಎಷ್ಟು ಗಮನವಿತ್ತು ಎಂದು ನೋಡಬೇಕಾದರೆ ಹೋಮ್ಸ್‌ನ ತಲೆ ಬಿಟ್ಟು 1892ರ 'ಬ್ಲೂ ಕಾರ್ಬಂಕಲ್' ಕಥೆಗೆ ಹೋಗಬೇಕು. ಬೀದಿ ಜಗಳದಲ್ಲಿ ಯಾರೋ ಬಿಟ್ಟು ಓಡಿದ, ಸವೆದುಹೋದ ಗಟ್ಟಿ ಫೆಲ್ಟ್ (ಉಣ್ಣೆ ಅಥವಾ ತುಪ್ಪಳವನ್ನು ಒತ್ತಿ ಮಾಡಿದ ಬಟ್ಟೆ) ಟೋಪಿಯೊಂದು ಹೋಮ್ಸ್‌ನ ಮನೆಗೆ ಬರುತ್ತದೆ. ಮಾಲೀಕನನ್ನು ನೋಡದೆಯೇ ಅವನ ಬದುಕನ್ನು ಹೋಮ್ಸ್ ಬಿಡಿಸಿಡುತ್ತಾನೆ. ಅಂಚು ಸುರುಳಿಯಾದ ಆ ಮಾದರಿ ಬಂದದ್ದು ಮೂರು ವರ್ಷದ ಹಿಂದೆ. ಒಳಗೆ ರೇಷ್ಮೆಯ ಅಸ್ತರಿದೆ, ಬೆಲೆಬಾಳುವ ಮಾಲು. ಆಮೇಲೆ ಹೊಸದು ಕೊಂಡಿಲ್ಲವೆಂದರೆ ಕೈ ಖಾಲಿಯಾಗಿದೆ. ಮೇಣದ ಬತ್ತಿಯ ಕಲೆ ಒಂದಲ್ಲ, ಐದು. ಮನೆಯಲ್ಲಿ ಗ್ಯಾಸ್ ದೀಪವಿಲ್ಲ. ವಾರಗಟ್ಟಲೆ ಬ್ರಷ್ ಕಾಣದ ಧೂಳು. ಹೆಂಡತಿಗೆ ಅವನ ಮೇಲೆ ಅಕ್ಕರೆ ಉಳಿದಿಲ್ಲ.

ಇಲ್ಲಿ ಎಲ್ಲ ತರ್ಕಕ್ಕೂ ಒಂದೇ ತೂಕವಿಲ್ಲ. ಮಾದರಿ, ಬೆಲೆ, ಕಲೆಗಳಿಂದ ಬಂದ ತೀರ್ಮಾನ ಗಟ್ಟಿ. ಹೆಂಡತಿಯ ವಿಷಯ ಊಹೆ. ಟೋಪಿ ದೊಡ್ಡದು, ಆದ್ದರಿಂದ ತಲೆ ದೊಡ್ಡದು, ಆದ್ದರಿಂದ ಬುದ್ಧಿವಂತ ಎನ್ನುವುದಂತೂ ತಲೆಬುರುಡೆ ಅಳೆದು ಬುದ್ಧಿ ಹೇಳುತ್ತಿದ್ದ ಆ ಶತಮಾನದ ನಂಬಿಕೆ, ಇಂದು ನಿಲ್ಲುವುದಿಲ್ಲ. ಆದರೂ ಇಡೀ ದೃಶ್ಯ ನನಗೆ ತುಂಬ ಪ್ರಿಯ. ಬಡತನಕ್ಕೆ ಜಾರಿದ ಒಬ್ಬ ಮನುಷ್ಯನ ಕಥೆಯನ್ನು ಅವನ ವಸ್ತುವೊಂದರಿಂದಲೇ ಇಷ್ಟು ಮರುಕದಿಂದ ಹೇಳಿದ ಪುಟಗಳು ಪತ್ತೇದಾರಿ ಸಾಹಿತ್ಯದಲ್ಲಿ ಅಪರೂಪ.

ಲೂಯಿಸ್ ಕ್ಯಾರೊಲ್‌ನ ಮಕ್ಕಳ ಕಥೆ 'ಆಲಿಸ್'ನಲ್ಲಿ (1865) ಬರುವ ಹ್ಯಾಟರ್‌ನ, ಅಂದರೆ ಹುಚ್ಚ ಟೋಪಿ ವ್ಯಾಪಾರಿಯ, ಟೋಪಿಯ ಮೇಲೆ ಹತ್ತು ಶಿಲಿಂಗ್ ಆರು ಪೆನ್ಸ್ ಎಂಬ ಬೆಲೆಚೀಟಿ ಇದೆಯಲ್ಲ, ಅದೂ ಚಿತ್ರಕಾರ ಜಾನ್ ಟೆನಿಯಲ್ ಕೊಟ್ಟದ್ದು. ಮಾತಿನಲ್ಲಿರುವುದು ಬೇರೆ: ಟೋಪಿ ತೆಗೆ ಎಂದು ರಾಜ ಗದರಿದಾಗ, ಇದು ನನ್ನದಲ್ಲ, ಮಾರುವುದಕ್ಕೆ ಇಟ್ಟದ್ದು ಎನ್ನುತ್ತಾನೆ ಹ್ಯಾಟರ್. ಚೀಟಿ ಆ ಮಾತಿಗೆ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಮುಂದೆ ಪುಟ್ಟ ಮಕ್ಕಳಿಗಾಗಿ ಕಥೆಯನ್ನು ಮತ್ತೆ ಬರೆದಾಗ ಕ್ಯಾರೊಲ್ ತಾನೇ ಅದನ್ನು ವಿವರಿಸಿದ. ಹ್ಯಾಟರ್‌ನ ಹುಚ್ಚಿಗೆ ಪಾದರಸವೇ ಕಾರಣ ಎನ್ನುವವರಿದ್ದಾರೆ. ಫೆಲ್ಟ್ ತಯಾರಿಕೆಯಲ್ಲಿ ಬಳಸುತ್ತಿದ್ದ ಪಾದರಸ ಟೋಪಿ ಕೆಲಸಗಾರರ ನರಗಳನ್ನು ಕೆಡಿಸುತ್ತಿತ್ತು ಎಂಬುದು ನಿಜ. ಆದರೆ ಪಾದರಸದ ಮಾತು ಪುಸ್ತಕದಲ್ಲಿಲ್ಲ. ನ್ಯಾಯಾಲಯದಲ್ಲಿ ಹ್ಯಾಟರ್ ಬೂಟು ಕಳಚಿಬೀಳುವಷ್ಟು ನಡುಗುವುದು ಹೆದರಿಕೆಯಿಂದ.

ಮಾತೂ ಚಿತ್ರವೂ ಸಮವಾಗಿ ಹೊರೆ ಹೊತ್ತ ಪುಸ್ತಕವೆಂದರೆ ಎಸ್ಫಿರ್ ಸ್ಲೊಬೊಡ್ಕಿನಾ ಬರೆದು ಚಿತ್ರಿಸಿದ, 1940ರ 'ಕ್ಯಾಪ್ಸ್ ಫಾರ್ ಸೇಲ್'. ಕೆಳಗೆ ವ್ಯಾಪಾರಿಯ ಸ್ವಂತ ಚೌಕಳಿ ಟೋಪಿ, ಅದರ ಮೇಲೆ ಬೂದು, ಕಂದು, ನೀಲಿ, ತುದಿಯಲ್ಲಿ ಕೆಂಪು. ಕೋತಿಗಳು ಟೋಪಿ ಕದಿಯುವ ಈ ಕಥೆಯನ್ನು ನಾವೂ ಕೇಳಿಯೇ ಬೆಳೆದವರು. ಒಂದು ವ್ಯತ್ಯಾಸ ಮಾತ್ರ ನೋಡಿ: ನಮ್ಮಲ್ಲಿ ಕಥೆ ಹೇಳುವ ಅನೇಕರು ವ್ಯಾಪಾರಿ ಉಪಾಯ ಹೂಡಿ ಟೋಪಿ ಎಸೆದ ಎನ್ನುತ್ತಾರೆ. ಸ್ಲೊಬೊಡ್ಕಿನಾ ಪುಸ್ತಕದಲ್ಲಿ ಅವನಿಗೆ ಯಾವ ಉಪಾಯವೂ ಇಲ್ಲ. ಸಿಟ್ಟು ತಡೆಯಲಾರದೆ ತನ್ನ ಟೋಪಿಯನ್ನು ನೆಲಕ್ಕೆ ಬಡಿದು ಹೊರಟೇಬಿಡುತ್ತಾನೆ.