ಎಲೆ ಮೇಲೆ ಕೈ ಅಡ್ಡ

ಮುಂಬೈನ ಮಾಟುಂಗದಲ್ಲಿ ಮೊನ್ನೆ ಕಸಿನ್ ಮದುವೆ ಊಟ, ಸಾರಿನ ಬಕೆಟ್ ಹಿಡ್ಕೊಂಡು ಹುಡುಗ ಓಡ್ತಾ ಬರ್ತಾನೆ, ಬೇಡ ಅಂತ ಬಾಯಿ ತೆಗೆಯೋದ್ರೊಳಗೆ ಸೌಟು ಬಗ್ಗಿರುತ್ತೆ, ಅದ್ಕೇ ಎಲ್ರೂ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿಯೋದು. ಪಕ್ಕದಲ್ಲಿ ಕೂತಿದ್ದ ಫಾರ್ಮಸಿ ಓದೋ ನಮ್ಮ ಹುಡುಗಿ, "ಮೆದುಳಲ್ಲೂ ಹೀಗೇ ನಡೆಯೋದು ಮಾಮ" ಅಂದ್ಳು.

ನಿಜಾನೇ. ಒಂದು ನರಕೋಶ ಕೆಮಿಕಲ್ ಬಡಿಸುತ್ತೆ, ಎದುರಿಗಿರೋದು ತಗೊಳ್ಳುತ್ತೆ, ಟ್ರಾಫಿಕ್ ಸಾಮಾನ್ಯವಾಗಿ ಒನ್‌ವೇ. ಆದ್ರೆ ತಗೊಳ್ಳೋ ಕೋಶಕ್ಕೆ ವಿಪರೀತ ಆಯ್ತು, ಒಳಗೆ ಕ್ಯಾಲ್ಸಿಯಂ ಏರಿತು ಅಂದ್ರೆ, ಅದು ತನ್ನ ಪೊರೆಯ ಕೊಬ್ಬಿಂದಲೇ ಆ ಕ್ಷಣಕ್ಕೆ ಒಂದು ಕೆಮಿಕಲ್ ಮಾಡ್ಕೊಂಡು ಉಲ್ಟಾ ಕಳಿಸುತ್ತೆ, ಅದು ಬಡಿಸೋ ಕೋಶದ ಮೇಲೆ ಸಂದೇಶ ಹಿಡಿಯೋಕೆ ಅಂತಲೇ ಇರೋ ಸಿಬಿ1 ರಿಸೆಪ್ಟರ್‌ಗೆ ಅಂಟಿಕೊಂಡು "ಸಾಕು ಮಾರಾಯ" ಅನ್ನುತ್ತೆ. ಸೌಟು ನಿಲ್ಲುತ್ತೆ. ಈ ಉಲ್ಟಾ ಸಂದೇಶ ಗೊತ್ತಾಗಿದ್ದು 2001ರಲ್ಲಿ. ಸ್ಟಾಕ್ ಇಟ್ಕೊಳ್ಳೋ ಪದ್ಧತಿ ಇಲ್ಲ, ಬೇಕಾದಾಗ ತಯಾರಿ, ಕೆಲ್ಸ ಮುಗಿದ ತಕ್ಷಣ ಎನ್‌ಜೈಮ್‌ಗಳು ಅದನ್ನ ಮುರಿದು ಹಾಕ್ತವೆ.

ಇದೇ ಎಂಡೋಕ್ಯಾನಬಿನಾಯ್ಡ್ ಸಿಸ್ಟಂ. ಕ್ಯಾನಬಿಸ್ ಅಂದ್ರೆ ಗಾಂಜಾ. ಹೆಸರಲ್ಲಿ ಅದು ಯಾಕೆ ಬಂತು ಅಂದ್ರೆ, 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶುಲಂ ಮತ್ತು ಗಾವೋನಿ ಗಾಂಜಾದಿಂದ ಅಮಲೇರಿಸೋ ಕೆಮಿಕಲ್ ಟಿಎಚ್‌ಸಿ ಬೇರ್ಪಡಿಸಿದ್ರು, 1988ರಲ್ಲಿ ಅದು ಕೂರೋ ಜಾಗ, ಅಂದ್ರೆ ಅದೇ ಸಿಬಿ1, ಮೆದುಳಲ್ಲಿ ಸಿಕ್ತು. ದೇವರು ಗಾಂಜಾಕ್ಕೋಸ್ಕರ ಮೆದುಳಲ್ಲಿ ಸೀಟು ರಿಸರ್ವ್ ಮಾಡಿರ್ತಾನಾ? 1992ರಲ್ಲಿ ಮೆಶುಲಂ ಲ್ಯಾಬಿನವ್ರು ಹಂದಿ ಮೆದುಳಿಂದ ಸೀಟಿನ ಅಸಲಿ ಮಾಲೀಕನನ್ನ ಹಿಡಿದು, ನಮ್ಮ 'ಆನಂದ' ಪದದಿಂದಲೇ ಆನಂದಮೈಡ್ ಅಂತ ಹೆಸರಿಟ್ರು. ಆದ್ರೆ ಈ ಕೈ ಅಡ್ಡ ಹಿಡಿಯೋ ಕೆಲ್ಸ ಜಾಸ್ತಿ ಮಾಡೋದು 1995ರಲ್ಲಿ ಸಿಕ್ಕ 2-ಎಜಿ ಅನ್ನೋ ಇನ್ನೊಂದು ಕೆಮಿಕಲ್. ಹೆಸರು ಒಬ್ಬಂದು, ದುಡಿಯೋದು ಇನ್ನೊಬ್ಬ, ಥೇಟ್ ನಮ್ಮ ಆಫೀಸು.

ನೋವು, ಭಯ, ಹಸಿವು, ನೆನಪು, ಎಲ್ಲಾ ಕಡೆ ಈ ಬ್ರೇಕ್ ಇದೆ, ರೋಗನಿರೋಧಕ ಕೋಶಗಳಲ್ಲಿ ಸಿಬಿ2 ಅಂತ ಇನ್ನೊಂದು ರಿಸೆಪ್ಟರ್. ಬ್ರೇಕ್ ಬೀಳೋದು ಬೇಕಾದ ಜಾಗಕ್ಕೆ, ಬೇಕಾದಷ್ಟು ಹೊತ್ತು ಮಾತ್ರ. ಹೋಳಿ ದಿನ ಭಾಂಗ್ ಕುಡಿದವ್ರ ಮೆದುಳಲ್ಲಿ ಟಿಎಚ್‌ಸಿ ಇಡೀ ಪಂಕ್ತಿಯ ಎಲೆಗಳಿಗೆ ಒಟ್ಟಿಗೇ ಕೈ ಅಡ್ಡ ಹಿಡಿಯುತ್ತೆ, ಹಸಿದವನ ಎಲೆಗೂ, ಅದೂ ಗಂಟೆಗಟ್ಟಲೆ. ಅದ್ಕೇ ಅವ್ರು ಆಡ್ತಿದ್ದ ಮಾತನ್ನೇ ಮರೆಯೋದು.

ಉಲ್ಟಾ ಮಾಡಿದ್ರೆ? ರಿಮೋನಬಂಟ್ ಅನ್ನೋ ಮಾತ್ರೆ ಸಿಬಿ1 ಅನ್ನೇ ಮುಚ್ಚಿಬಿಡ್ತಿತ್ತು, ಬೊಜ್ಜು ಕರಗಿಸೋಕೆ ಅಂತ 2006ರಲ್ಲಿ ಯುರೋಪಲ್ಲಿ ಬಂತು, ತೂಕ ಇಳಿದಿದ್ದೂ ನಿಜ. ಜೊತೆಗೆ ಖಿನ್ನತೆ, ಆತ್ಮಹತ್ಯೆ ಯೋಚನೆಗಳೂ ಬಂದ್ವು, 2008ರಲ್ಲಿ ವಾಪಸ್ ತಗೊಂಡ್ರು. ಆನ್‌ಲೈನಲ್ಲಿ ಈ ಸಿಸ್ಟಂ ಬ್ಯಾಲೆನ್ಸ್ ಮಾಡ್ತೀವಿ ಅಂತ ಡ್ರಾಪ್ಸ್ ಮಾರೋವ್ರು ಯಾರೂ ಈ ಕಥೆ ಹೇಳಲ್ಲ.

ಅಷ್ಟರಲ್ಲಿ ಹೋಳಿಗೆ ಬಂತು. ಸಾರಿಗೆ ಅಡ್ಡ ಇಟ್ಟ ಕೈ ತಾನಾಗೇ ಸರೀತು. "ಇಲಿ ನಾಲಿಗೇಲಿ ಸಿಹಿ ಗುರುತಿಸೋ ಕೋಶದ ಮೇಲೂ ಸಿಬಿ1 ಇದೆ, ಅಲ್ಲಿ ಇದೇ ಕೆಮಿಕಲ್ ಸಿಹೀನ ಇನ್ನೂ ಸಿಹಿ ಮಾಡುತ್ತೆ" ಅಂದ್ಳು ಹುಡುಗಿ, ತುಪ್ಪ ಹಾಕಿಸ್ಕೋತಾ.