ಧ್ಯಾನದಲ್ಲಿ ಆತ್ಮ ಕಾಣುತ್ತದೆಯೇ? ಯೋಗಸೂತ್ರದ ಉತ್ತರ

ಧ್ಯಾನವೆಂದರೆ ಆತ್ಮವನ್ನು ಕಾಣುವ ಉಪಾಯವೆಂದು ಭಾವಿಸಿಯೇ ನಮ್ಮಲ್ಲಿ ಹಲವರು ಪತಂಜಲಿಯ ಯೋಗಸೂತ್ರವನ್ನು ಕೈಗೆತ್ತಿಕೊಳ್ಳುತ್ತೇವೆ. ಸೂತ್ರಕಾರನ ನಿಲುವು ಇದಕ್ಕಿಂತ ಬೇರೆ. ಪುರುಷ ಅಥವಾ ದ್ರಷ್ಟೃ (ನೋಡುವವನು) ಎಂದು ಅವನು ಕರೆಯುವ ಆತ್ಮವು ಸಾಧನಪಾದದ (ಎರಡನೆಯ ಅಧ್ಯಾಯದ) 20ನೆಯ ಸೂತ್ರದ ಪ್ರಕಾರ ‘ದೃಶಿಮಾತ್ರಃ’, ಅಂದರೆ ಬರಿಯ ಅರಿವು. ಅದು ನೋಟಕ್ಕೆ ವಿಷಯವಾಗುವ ವಸ್ತುವೇ ಅಲ್ಲ. ಬುದ್ಧಿ, ಅಹಂಕಾರ, ಮನಸ್ಸುಗಳಾದರೋ ಯೋಗಕ್ಕೆ ತಾತ್ತ್ವಿಕ ತಳಹದಿಯಾದ ದರ್ಶನದವರಾದ ಸಾಂಖ್ಯರು ಹೇಳುವಂತೆ ಜಗತ್ತಿನ ಜಡ ಮೂಲವಾದ ಪ್ರಕೃತಿಯಿಂದ ಹುಟ್ಟಿದವು, ಎಷ್ಟೇ ಸೂಕ್ಷ್ಮವಾಗಿದ್ದರೂ ಜಡವಾದವು.

ಈ ಭೇದ ಓದುವಾಗ ಸುಲಭ, ಅನುಭವದಲ್ಲಿ ಕಷ್ಟ. ಉಸಿರಿನ ಮೇಲೆ ಗಮನವಿಟ್ಟು ಕುಳಿತವನಿಗೆ ಹಳೆಯ ಅವಮಾನವೊಂದು ನೆನಪಾಗುತ್ತದೆ. ನೆನಪಿನ ಹಿಂದೆಯೇ ಸಿಟ್ಟು ಬರುತ್ತದೆ, ‘ನಾನು ಸಿಟ್ಟಾಗಿದ್ದೇನೆ’ ಎಂಬ ಭಾವವೂ ಒಡನೆಯೇ ಮೂಡುತ್ತದೆ. ಸಿಟ್ಟು ಚಿತ್ತದ, ಅಂದರೆ ಬುದ್ಧಿ-ಅಹಂಕಾರ-ಮನಸ್ಸುಗಳ, ವಿಕಾರ. ಅದನ್ನು ಅರಿಯುವ ಚೈತನ್ಯ ಸಿಟ್ಟಾಗಿಲ್ಲ. ಇವೆರಡನ್ನೂ ಒಂದೆಂಬಂತೆ ಬೆರೆಸುವುದೇ ಅಸ್ಮಿತೆಯೆಂಬ ಕ್ಲೇಶ, ಅಂದರೆ ದುಃಖಕ್ಕೆ ಕಾರಣವಾದ ದೋಷ (2.6). ಅದಕ್ಕೆ ಬೇರು ಅವಿದ್ಯೆ, ಅಂದರೆ ತಪ್ಪು ತಿಳಿವು. ಸಮಾಧಿಪಾದದ (ಮೊದಲ ಅಧ್ಯಾಯದ) ಆರಂಭದ ಮೂರು ಸೂತ್ರಗಳನ್ನು (1.2–1.4) ಒಟ್ಟಿಗೆ ಓದಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ: ವೃತ್ತಿಗಳು, ಅಂದರೆ ಚಿತ್ತದ ಚಲನೆಗಳು, ನಿರುದ್ಧವಾದಾಗ (ನಿಂತಾಗ) ದ್ರಷ್ಟೃವು ತನ್ನ ಸ್ವರೂಪದಲ್ಲಿ ನಿಲ್ಲುತ್ತದೆ, ಉಳಿದ ಸಮಯದಲ್ಲಿ ವೃತ್ತಿಗಳ ರೂಪದಲ್ಲೇ ತೋರುತ್ತದೆ. ಹೊಸದಾಗಿ ಏನೋ ದೊರೆಯಿತೆಂಬ ಮಾತು ಇಲ್ಲಿಲ್ಲ.

ಹಾಗಾದರೆ ಧ್ಯಾನ ಮಾಡುವ ಕೆಲಸವೇನು? ಚಿತ್ತವನ್ನು ಒಂದೆಡೆ ಕಟ್ಟುವುದು ಧಾರಣೆ, ಅಲ್ಲಿ ಒಂದೇ ಪ್ರತ್ಯಯ (ತಿಳಿವು) ಕಡಿಯದೆ ಹರಿಯುವುದು ಧ್ಯಾನ, ಧ್ಯಾನಿಸುವ ವಸ್ತುವಷ್ಟೇ ಬೆಳಗಿ ತಾನು ಧ್ಯಾನಿಸುತ್ತಿದ್ದೇನೆಂಬ ಭಾವವೂ ಇಲ್ಲದಂತಾಗುವುದು ಸಮಾಧಿ (3.1–3.3). ಮೂರೂ ನಡೆಯುವುದು ಚಿತ್ತದಲ್ಲಿ. ಪುರುಷನಿಗೆ ಏಕಾಗ್ರತೆ ಬೇಕಿಲ್ಲ, ಅವನು ಅಪರಿಣಾಮಿ, ಬದಲಾವಣೆಯಿಲ್ಲದವನು. ಆತ್ಮ ಒಂದೇ ಎನ್ನುವ ಅದ್ವೈತದ ಪರಿಚಯವಿದ್ದವರು ಇಲ್ಲಿ ಇನ್ನೊಂದನ್ನು ಗಮನಿಸಬೇಕು: ಯೋಗದರ್ಶನದಲ್ಲಿ ಪುರುಷರು ಅನೇಕರು, ಒಬ್ಬನಿಗೆ ಬಿಡುಗಡೆಯಾದರೂ ಇತರರ ಪಾಲಿಗೆ ದೃಶ್ಯಜಗತ್ತು ಇದ್ದೇ ಇರುತ್ತದೆ (2.22).

ನನ್ನ ಮಟ್ಟಿಗೆ ಈ ದರ್ಶನದ ಅತ್ಯಂತ ನಿಷ್ಠುರವಾದ ಹೆಜ್ಜೆ ಇದರ ನಂತರದ್ದು. ಬುದ್ಧಿ ಬೇರೆ, ಪುರುಷ ಬೇರೆ ಎಂಬ ವಿವೇಕಖ್ಯಾತಿ ಕೂಡ ಬುದ್ಧಿಯಲ್ಲೇ ಮೂಡುವ ತಿಳಿವಾದ್ದರಿಂದ, ಅವಿದ್ಯೆಯನ್ನು ಕಳೆದ ಆ ತಿಳಿವಿನ ಮೇಲಿನ ಆಸೆಯನ್ನೂ ಪರವೈರಾಗ್ಯದಿಂದ (ಪರಮ ವಿರಕ್ತಿಯಿಂದ) ಬಿಡಬೇಕಾಗುತ್ತದೆ. ಪ್ರಕೃತಿಯ ಗುಣಗಳು (ಸತ್ತ್ವ, ರಜಸ್ಸು, ತಮಸ್ಸು) ತಮ್ಮ ಮೂಲಕ್ಕೆ ಮರಳಿ, ಚಿತಿಶಕ್ತಿಯು, ಅಂದರೆ ಪುರುಷನೆಂಬ ಚೈತನ್ಯವು, ಸ್ವರೂಪದಲ್ಲಿ ನೆಲೆಗೊಳ್ಳುವ ಕೈವಲ್ಯ (ಬಿಡುಗಡೆ) ಅದರ ಬಳಿಕವೇ.