ಗೀಸರ್ ರಿಪೇರಿ ಚಳಿ ಕಳೆದ ಮೇಲೆ ಮಾಡಿಸಿದರೆ ಆಗಲ್ವಾ?

ಪ್ರಶ್ನೆ: ನಮ್ಮ ಗೀಸರ್‌ನಲ್ಲಿ ನೀರು ಕಾಯುತ್ತದೆ, ಆದರೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತದೆ. ಈಗ ಕಾಫಿ ಕುಯ್ಲಿನ ಗಡಿಬಿಡಿ, ಯಾರಿಗೂ ಪುರುಸೊತ್ತಿಲ್ಲ. ತಾನಾಗೇ ಬೀಳುವ ಸ್ವಿಚ್, ಅದೇ ಎಂಸಿಬಿ, ಹೇಗೂ ಇದೆ. ಶಿವರಾತ್ರಿ ಕಳೆದ ಮೇಲೆ ಮಾಡಿಸಿದರೆ ನಡೆಯುತ್ತಾ?

ನಡೆಯಲ್ಲ. ಮೊದಲು ಗೀಸರ್ ಸ್ವಿಚ್ ಆಫ್ ಮಾಡಿ, ಡಿಬಿಯಲ್ಲಿ, ಅಂದರೆ ಮನೆಯ ಲೈನ್‌ಗಳೆಲ್ಲ ಕವಲೊಡೆಯುವ ಪೆಟ್ಟಿಗೆಯಲ್ಲಿ, ಅದರ ಎಂಸಿಬಿಯನ್ನೂ ಇಳಿಸಿ. ಆಮೇಲೆ ಬಂದು ಓದಿ.

ಚಿಕ್ಕಮಗಳೂರಲ್ಲಿ ಬೆಳಗ್ಗೆ ಮಂಜು ಕವಿಯಲು ಶುರುವಾಯಿತು ಅಂದರೆ ಈ ಪ್ರಶ್ನೆಯೂ ಶುರು. ನೆಪ ಮಾತ್ರ ಊರಿಂದ ಊರಿಗೆ ಬೇರೆ. ಮೂಡಿಗೆರೆ, ಸಕಲೇಶಪುರದವರಿಗೆ ಕುಯ್ಲು. ಕಡೂರಿನವರಿಗೆ ರಾಗಿ ಒಕ್ಕಣೆ. ಹಾಸನದ ಪೇಟೆಯವರಿಗೆ ಮಗಳ ಪರೀಕ್ಷೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ, ನಿಜ. ಆದರೆ ಗೀಸರ್ ಅತಿ ಹೆಚ್ಚು ದುಡಿಯುವುದು ಅಲ್ಲಿಯವರೆಗಿನ ಮೂರು ತಿಂಗಳಲ್ಲೇ. ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ, ಟ್ಯಾಂಕಿನಿಂದ ಇಳಿಯುವ ನೀರು ಕೊರೆಯುತ್ತಿರುತ್ತದೆ, ನೀರು ಕಾಯಿಸುವ ಕಾಯಿಲ್‌ಗೆ ಬಿಡುವೇ ಇಲ್ಲ. ಕೆಟ್ಟಿರುವ ಸಾಮಾನನ್ನು ಅದು ಹೆಚ್ಚು ದುಡಿಯುವ ಕಾಲದಲ್ಲೇ ಹಾಗೇ ಬಿಡುವುದು ಯಾವ ಲೆಕ್ಕ?

ನೀರು ತಡವಾಗಿ ಕಾಯುವುದನ್ನು ಬೇಗ ಮುಗಿಸುತ್ತೇನೆ. 15 ಲೀಟರ್ ನೀರು, 2000 ವ್ಯಾಟ್ ಕಾಯಿಲ್. 25 ಡಿಗ್ರಿಯ ನೀರು 60 ಡಿಗ್ರಿಗೆ ಏರಲು ಸುಮಾರು 18 ನಿಮಿಷ ಬೇಕು. ಜನವರಿ ಬೆಳಗ್ಗೆ ನೀರು 16 ಡಿಗ್ರಿ ಇದ್ದರೆ 23 ನಿಮಿಷ. ಅಂದರೆ ಚಳಿಯಿಂದ ಜಾಸ್ತಿ ಆಗುವುದು ಐದೇ ನಿಮಿಷ. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಮಾತ್ರ ದೊಡ್ಡ ವ್ಯತ್ಯಾಸ ಆಗುತ್ತದೆ. ಆಗ ಕಾಯಿಲ್‌ನ ಶಕ್ತಿ ಮೂರನೇ ಒಂದು ಭಾಗ ಕಮ್ಮಿಯಾಗಿ 34 ನಿಮಿಷ ಹಿಡಿಯುತ್ತದೆ. ಅದನ್ನೂ ಮೀರಿ ಮುಕ್ಕಾಲು ಗಂಟೆ ಕಾಯಬೇಕಾದರೆ ಚಳಿಯನ್ನು ಬೈದು ಪ್ರಯೋಜನವಿಲ್ಲ. ಒಂದೋ ಬಿಸಿ ನೋಡಿ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಮಧ್ಯೆ ಮಧ್ಯೆ ಕಟ್ ಆಗುತ್ತಿದೆ, ಇಲ್ಲವೇ ಒಳಗಡೆ ವೈರ್ ಲೂಸ್ ಆಗಿ ಟರ್ಮಿನಲ್ ಕಪ್ಪಾಗಿ ಸುಡುತ್ತಿದೆ. ಎರಡೂ ತಾವಾಗೇ ಸರಿಹೋಗುವ ಕಾಯಿಲೆಗಳಲ್ಲ.

ಇನ್ನು ಆ ‘ಸ್ವಲ್ಪ ಜುಮ್’.

ಕಡೂರು ಕಡೆಯ ಒಂದು ಮನೆಯ ಗೀಸರ್ ಬಿಚ್ಚಿದ್ದೆ. ಬೋರ್‌ವೆಲ್ ನೀರಿನ ಮನೆ. ಹೊರಗೆ ಎಳೆದಾಗ ಕಾಯಿಲ್ ಕಾಣಲೇ ಇಲ್ಲ, ಬರೀ ಬಿಳಿ ಸುಣ್ಣದ ಗಟ್ಟಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು. ಅಡಿಯಲ್ಲಿ ತಾಮ್ರದ ಕೊಳವೆ, ಅದು ಬಾಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನ ಅಂಚಿಗೆ ಹಸಿರು ಕಿಲುಬು. ಕೊಳವೆಯೊಳಗೆ ಕರೆಂಟ್ ಹರಿಯುವ ತಂತಿ ಇರುತ್ತದೆ. ತಂತಿಗೂ ತಾಮ್ರಕ್ಕೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಈ ಪುಡಿ ಒಣಗಿದ್ದರೆ ಕರೆಂಟನ್ನು ಆಚೆ ಬಿಡುವುದಿಲ್ಲ. ಇಲ್ಲಿ ಅದು ನೀರು ಕುಡಿದು ಮೆತ್ತಗಾಗಿತ್ತು. ಮನೆಯ ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ‘ನೀರು ಚೆನ್ನಾಗೇ ಕಾಯ್ತಿತ್ತಲ್ಲಪ್ಪ’ ಅಂದರು. ಕಾಯುತ್ತಲೇ ಇತ್ತು, ಸುಳ್ಳಲ್ಲ. ಬಿರುಕು ಬಿಟ್ಟ ಕಾಯಿಲ್ ಕೂಡ ಪೂರ್ತಿ ತುಂಡಾಗುವವರೆಗೆ ಚೆನ್ನಾಗೇ ಕಾಯಿಸುತ್ತದೆ. ಜೊತೆಗೆ ನೀರಿಗೆ ಕರೆಂಟನ್ನೂ ಬಿಡುತ್ತದೆ.

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾಯಿಸಿದಾಗ ಸುಣ್ಣವಾಗಿ ಕೂರುತ್ತದೆ. ಸುಣ್ಣದ ಪದರ ದಪ್ಪವಾದಷ್ಟೂ ಕಾಯಿಲ್‌ನ ಬಿಸಿ ಬೇಗ ನೀರಿಗೆ ಹೋಗಲಾರದೆ ಒಳಗೇ ಏರಿ ಕೊಳವೆ ಸೀಳುತ್ತದೆ. ಕಡೂರು, ಅರಸೀಕೆರೆ ಬೋರ್ ನೀರಿನವರಿಗೆ ಇದು ಜಾಸ್ತಿ. ಯಗಚಿ, ಹಿರೇಕೊಳಲೆ ಕೆರೆ ನೀರಿನ ಚಿಕ್ಕಮಗಳೂರು ಪೇಟೆಗೆ, ಹೇಮಾವತಿ ನೀರಿನ ಹಾಸನಕ್ಕೆ ಅಷ್ಟಿಲ್ಲ. ತೋಟದ ಒರತೆ ನೀರಿನಲ್ಲಿ ಸುಣ್ಣವೇ ಕಟ್ಟುವುದಿಲ್ಲ ಅಂತ ಬೀಗುವವರಿಗೆ ಇನ್ನೊಂದು ಮಾತು. ಅಂಥ ಮೆದು ನೀರು ತುಕ್ಕು ಹಿಡಿಸುತ್ತದೆ, ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವ ಒಳಗಿನ ಮೆಗ್ನೀಸಿಯಂ ರಾಡ್ ಕರಗಿ ಹೋಯಿತೇ ಅಂತ ವರ್ಷಕ್ಕೊಮ್ಮೆ ನೋಡಿಸಿ.

ಈಗ ಎಂಸಿಬಿ ವಿಷಯ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ‘ಶಾಕ್ ಹೊಡೆದರೆ ಎಂಸಿಬಿ ಬೀಳುತ್ತೆ ಬಿಡಿ.’ ಓದಿದವರೂ ಹೀಗೇ ಅನ್ನುತ್ತಾರೆ, ಹೊಸ ಮನೆ ಕಟ್ಟಿಸಿದವರೂ ಅನ್ನುತ್ತಾರೆ, ಕೆಲವು ಸಲ ವೈರಿಂಗ್ ಮಾಡಿದವರೇ ಅನ್ನುತ್ತಾರೆ!

ಎಂಸಿಬಿ ಇರುವುದು ವೈರ್ ಉಳಿಸಲು. ನಿಮ್ಮನ್ನು ಉಳಿಸಲು ಅಲ್ಲ. ವೈರ್ ತಡೆಯುವುದಕ್ಕಿಂತ ಜಾಸ್ತಿ ಕರೆಂಟ್ ಹರಿದರೆ ಅಥವಾ ಶಾರ್ಟ್ ಆದರೆ ಅದು ಬೀಳುತ್ತದೆ. ಗೀಸರ್‌ಗೆ ಹಾಕುವುದು 16 ಆಂಪಿಯರ್‌ನದು. 16 ಆಂಪಿಯರ್ ಅಂದರೆ 16,000 ಮಿಲಿಆಂಪಿಯರ್. ಮನುಷ್ಯನಿಗೆ ಎಷ್ಟು ಸಾಕು? ಒಂದೆರಡು ಮಿಲಿಆಂಪಿಯರ್‌ಗೆ ಜುಮ್ ಅನ್ನುತ್ತದೆ. ಹತ್ತು ದಾಟಿದರೆ ಸ್ನಾಯು ಬಿಗಿದು, ಹಿಡಿದ ನಲ್ಲಿಯನ್ನು ಬಿಡಲು ಆಗದೇ ಹೋಗಬಹುದು. ಮೂವತ್ತರ ಆಚೆ ಉಸಿರಿಗೇ ತೊಂದರೆ. ನೂರರ ಹತ್ತಿರ ಹೋದರೆ ಹೃದಯದ ಬಡಿತ ತಪ್ಪುತ್ತದೆ. ಒದ್ದೆ ಮೈಯ ತಡೆ ಸುಮಾರು 1000 ಓಮ್ ಅಂತ ಹಿಡಿದರೂ 230 ವೋಲ್ಟ್‌ಗೆ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಪ್ರಾಣಕ್ಕೆ ಅಷ್ಟು ಧಾರಾಳ ಸಾಕು. ಕಾಫಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಉಂಗುರ ಇಟ್ಟು ತೂಕ ನೋಡಿದ ಹಾಗೆ, 16,000 ಲೆಕ್ಕ ಹಾಕುವ ಎಂಸಿಬಿಗೆ ಈ 230 ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಒಬ್ಬರಾದರೂ ಕೇಳೇ ಕೇಳುತ್ತಾರೆ: ‘ನಮ್ಮಲ್ಲಿ ಅರ್ಥಿಂಗ್ ಇದೆ, ಲೀಕ್ ಆದ ಕರೆಂಟೆಲ್ಲ ಭೂಮಿಗೆ ಹೋಗಿ ಎಂಸಿಬಿ ಬೀಳುತ್ತೆ ಅಲ್ವಾ?’ ಒಳ್ಳೆ ಪ್ರಶ್ನೆ, ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಅರ್ಥ್ ಗುಂಡಿಯ ತಡೆ 30 ಓಮ್ ಇದೆ ಅಂದುಕೊಳ್ಳಿ. ಗರಸು ಮಣ್ಣಿನಲ್ಲಿ, ಒಣಗಿದ ಗುಂಡಿಯಲ್ಲಿ ಇದೇನೂ ವಿಶೇಷವಲ್ಲ. 230 ವೋಲ್ಟನ್ನು 30ರಿಂದ ಭಾಗಿಸಿದರೆ 7.7 ಆಂಪಿಯರ್. ಗೀಸರ್ ತಾನು ಎಳೆಯುವ 8.7 ಸೇರಿಸಿದರೂ 16ರ ಆಸುಪಾಸು. 16ರ ಎಂಸಿಬಿ 18 ಆಂಪಿಯರ್ ಹರಿದರೂ ಒಂದು ಗಂಟೆಯೊಳಗೆ ಬೀಳಬಾರದು ಅಂತ ಅದರ ಮಾನದಂಡವೇ ಹೇಳುತ್ತದೆ. ತಟ್ಟನೆ ಬೀಳಬೇಕಾದರೆ, ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಸಿ ಟೈಪ್ ಎಂಸಿಬಿಗೆ 80ರಿಂದ 160 ಆಂಪಿಯರ್ ಬೇಕು. ಹಾಗಾಗಿ ಎಂಸಿಬಿ ಸುಮ್ನೆ ಕೂತಿರುತ್ತದೆ. ಗೀಸರ್‌ನ ಮೈಯಲ್ಲಿ ಹತ್ತಿರ ಹತ್ತಿರ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. ಇದರ ಮಧ್ಯೆ ಗಂಟೆಗೆ ಒಂದೂಮುಕ್ಕಾಲು ಯೂನಿಟ್ ಮಣ್ಣಿಗೆ ಹೋಗುತ್ತಿರುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬಂದಾಗ ‘ಮೀಟರೇ ಸರಿ ಇಲ್ಲ’ ಅನ್ನುವವರು ಒಮ್ಮೆ ಗೀಸರನ್ನೂ ನೋಡಿಸಲಿ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಎಂಸಿಬಿಗಿಂತ ಅಗಲ ಇರುತ್ತದೆ, ಮೇಲೆ ‘ಟಿ’ ಅಂತ ಬರೆದ ಪುಟ್ಟ ಬಟನ್ ಇರುತ್ತದೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುವುದೊಂದೇ ಅದರ ಕೆಲಸ. 30 ಮಿಲಿಆಂಪಿಯರ್ ಕಮ್ಮಿ ಬಂದರೆ ಸಾಕು, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಬೀಳುತ್ತದೆ. ಮೇಲಿನ 7.7 ಆಂಪಿಯರ್ ಲೆಕ್ಕದಲ್ಲಾದರೆ ನೀವು ನಲ್ಲಿ ಮುಟ್ಟುವ ಮೊದಲೇ ಬಿದ್ದಿರುತ್ತದೆ. ಹಾಗಂತ ಎಂಸಿಬಿ ತೆಗೆದು ಇದೊಂದನ್ನೇ ಹಾಕಬೇಡಿ. ಓವರ್‌ಲೋಡ್ ಇದಕ್ಕೆ ತಿಳಿಯುವುದಿಲ್ಲ, ಎರಡೂ ಬೇಕು. ‘ಟಿ’ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ. ‘ಗೀಸರ್ ಹಾಕಿದಾಗಲೆಲ್ಲ ಬೀಳ್ತಿತ್ತು ಸಾರ್, ಅದಕ್ಕೇ ತೆಗೆಸಿ ನೇರ ಕೊಡಿಸಿದ್ವಿ’ ಅಂತ ಹೆಮ್ಮೆಯಿಂದ ಹೇಳುವವರಿಗೆ ನಾನೇನು ಹೇಳಲಿ? ಅದು ತನ್ನ ಕೆಲಸ ಮಾಡುತ್ತಿತ್ತು. ಎಂಸಿಬಿ ಬೀಳುತ್ತದೆ ಅಂತ 16 ತೆಗೆದು 32 ಹಾಕಿಸುವವರೂ ಇದೇ ಜಾತಿ. ಆಮೇಲೆ ಗೋಡೆಯೊಳಗಿನ ವೈರ್ ಸುಡುತ್ತದೆ.

ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿದರೆ ಏನೂ ಆಗಲ್ಲ ಅನ್ನುವವರೂ ಇದ್ದಾರೆ. ನೆನೆದ ಚಪ್ಪಲಿ, ಒದ್ದೆ ಗೋಡೆ, ಇನ್ನೊಂದು ಕೈಯಲ್ಲಿ ತಣ್ಣೀರಿನ ನಲ್ಲಿ. ಅದನ್ನು ನೆಚ್ಚಬೇಡಿ. ಸ್ನಾನಕ್ಕೆ ಮೊದಲು ಸ್ವಿಚ್ ಆಫ್ ಮಾಡುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಸಾಮಾನ್ಯ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಗೀಸರ್‌ನಲ್ಲಿ ಕರೆಂಟ್ ಇರುತ್ತದೆ. ಎರಡೂ ತಂತಿ ಕಡಿಯುವ ಡಿಪಿ ಸ್ವಿಚ್ಚೇ ಬೇಕು.

ಗೀಸರ್ ಕೆಳಗೆ ಪೈಪಿನಿಂದ ತೊಟ್ಟಿಕ್ಕುತ್ತದೆ ಅಂತಲೂ ಕೇಳುತ್ತಾರೆ. ಕಾಯುವಾಗ ಮಾತ್ರ ಒತ್ತಡ ಬಿಡುವ ವಾಲ್ವ್‌ನಿಂದ ಹನಿ ಬಿದ್ದರೆ ಸಹಜ. 15 ಲೀಟರ್ ನೀರು 60 ಡಿಗ್ರಿಗೆ ಬಂದಾಗ ಕಾಲು ಲೀಟರ್‌ನಷ್ಟು ಹಿಗ್ಗುತ್ತದೆ, ಅದಕ್ಕೆ ದಾರಿ ಬೇಕಲ್ಲ. ಎಂಸೀಲ್ ಮೆತ್ತಿ ಆ ದಾರಿ ಮುಚ್ಚಿದರೆ ಒತ್ತಡ ಏರಿ ಟ್ಯಾಂಕೇ ಸಿಡಿಯಬಹುದು. ಹಗಲೂ ರಾತ್ರಿ ಹನಿಕಿದರೆ ಅಥವಾ ಮೈಯಿಂದಲೇ ಒಸರಿದರೆ ಅದು ರಿಪೇರಿಯ ಮಾತು.

ಮೆಕ್ಯಾನಿಕ್ ಬರುವವರೆಗೆ ಏನು ಮಾಡುವುದು? ಬಚ್ಚಲಲ್ಲಿ ಹಂಡೆ ಒಲೆ ಇರುವವರು ಪುಣ್ಯವಂತರು. ಇಲ್ಲದವರು ಗ್ಯಾಸ್ ಒಲೆ ಮೇಲೆ ಪಾತ್ರೆಯಲ್ಲಿ ಕಾಯಿಸಿಕೊಳ್ಳಿ. ಬಕೆಟ್‌ಗೆ ಇಳಿಬಿಡುವ ರಾಡ್ ಹಾಕುವುದಾದರೆ, ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈ ಹಾಕಿ. ಅವಸರಕ್ಕೆ ಗ್ಯಾಸ್ ಗೀಸರ್ ತಂದು ಬಚ್ಚಲೊಳಗೆ ಕೂರಿಸಬೇಡಿ. ಚಳಿ ಅಂತ ಕಿಟಕಿ ಮುಚ್ಚುತ್ತೀರಿ, ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಅರ್ಥಿಂಗ್ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಅರ್ಥ್ ಗುಂಡಿ ಎಲ್ಲಿದೆ ಗೊತ್ತಾ? ಎಷ್ಟೋ ಮನೆಗಳಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಸುವಾಗ ಗುಂಡಿಯನ್ನೂ ಮುಚ್ಚಿಬಿಟ್ಟಿರುತ್ತಾರೆ. ಆಮೇಲೆ ಅದಕ್ಕೆ ನೀರು ಹಾಕುವವರೂ ಇಲ್ಲ, ತುಕ್ಕು ಹಿಡಿದ ಪೈಪ್ ನೋಡುವವರೂ ಇಲ್ಲ. ಹಳೇ ಮನೆಗಳದ್ದು ಇನ್ನೊಂದು ಕಥೆ. ಆಗ ಗುಂಡಿ ತೋಡುವ ಗೋಜಿಲ್ಲದೆ ಅರ್ಥ್ ತಂತಿಯನ್ನು ನೀರಿನ ಕಬ್ಬಿಣದ (ಜಿಐ) ಪೈಪಿಗೇ ಸುತ್ತುತ್ತಿದ್ದರು. ಪೈಪ್ ನೆಲದಲ್ಲಿ ಹೂತಿದ್ದರಿಂದ ಹೇಗೋ ನಡೆಯುತ್ತಿತ್ತು. ಪ್ಲಂಬರ್ ಬಂದು ನೆಲದಡಿಯ ಪೈಪ್ ತೆಗೆದು ಪಿವಿಸಿ ಹಾಕಿದ ದಿನ ಆ ಮನೆಯ ಅರ್ಥಿಂಗ್ ಹೋಯಿತು, ಯಾರಿಗೂ ತಿಳಿಯಲಿಲ್ಲ. ಮೇಲೆ ಉಳಿದ ತುಂಡು ಪೈಪಿಗೆ ಆ ತಂತಿ ಇನ್ನೂ ಅಂಟಿಕೊಂಡಿದ್ದರೆ ಇನ್ನೂ ಕೆಟ್ಟದ್ದು. ಗೀಸರ್‌ನಲ್ಲಿ ಲೀಕ್ ಆದ ಕರೆಂಟ್ ಅಡುಗೆಮನೆ ನಲ್ಲಿಗೂ ಬರಬಹುದು.

ಗುಂಡಿಯ ತಡೆಯನ್ನು ಅರ್ಥ್ ಟೆಸ್ಟರ್ ಇಟ್ಟು ಅಳೆಸಿ. ಫೇಸ್‌ಗೂ ಅರ್ಥ್‌ಗೂ ನಡುವೆ ಒಂದು ಬಲ್ಬ್ ಹಚ್ಚಿ ‘ಉರಿತಲ್ಲ, ಅರ್ಥಿಂಗ್ ಚೆನ್ನಾಗಿದೆ’ ಅನ್ನುವವರನ್ನು ನಂಬಬೇಡಿ. ಅಳೆಸುವುದು ಮಾರ್ಚ್, ಏಪ್ರಿಲ್‌ನಲ್ಲಿ, ಮಣ್ಣು ಒಣಗಿದಾಗ. ಜುಲೈ ಮಳೆಯಲ್ಲಿ ನೆಂದ ಮಣ್ಣಿಗೆ ಎಂಥ ಹಾಳು ಗುಂಡಿಯೂ ಒಳ್ಳೆ ಲೆಕ್ಕವನ್ನೇ ತೋರಿಸುತ್ತದೆ.